ಕೆಲಸಕ್ಕಿಂತ ಮೊದಲು ಬೀಳುವುದು ಅದರ ದರ

2000ನೇ ಇಸವಿಯ ಆಸುಪಾಸಿನಲ್ಲಿ ಬೆಂಗಳೂರಿನ ಪತ್ರಿಕೆಗಳ ಕ್ಲಾಸಿಫೈಡ್ ಪುಟ ತೆರೆದರೆ ‘ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಲಿಯಿರಿ’ ಎಂಬ ಜಾಹೀರಾತು ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಬಿಎಸ್ಸಿ, ಬಿಕಾಂ ಮುಗಿಸಿ ಬ್ಯಾಂಕ್ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದವರು ಮನೆಯವರಿಂದ ಫೀಸಿಗೆ ದುಡ್ಡು ಹೊಂದಿಸಿಕೊಂಡು ಸೇರಿದರು. ಅಮೆರಿಕದ ವೈದ್ಯರು ರೋಗಿಯನ್ನು ನೋಡಿ ಮುಗಿಸಿ ಫೋನಿನಲ್ಲಿ ಟಿಪ್ಪಣಿ ಹೇಳುತ್ತಿದ್ದರು. ಆ ಧ್ವನಿ ಇಲ್ಲಿಗೆ ಬರುತ್ತಿತ್ತು, ಅಲ್ಲಿ ಬೆಳಗಾಗುವಷ್ಟರಲ್ಲಿ ಟೈಪಾದ ವರದಿ ವಾಪಸು ಹೋಗುತ್ತಿತ್ತು. ಕಿವಿಗೆ ಹೆಡ್‌ಫೋನ್, ಕಾಲಡಿಯಲ್ಲಿ ಫುಟ್ ಪೆಡಲ್. ಒತ್ತಿದರೆ ಧ್ವನಿ ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ. ಸಂಬಳದ ಲೆಕ್ಕ ಸಾಲಿನ ಮೇಲೆ, ಒಂದು ಸಾಲೆಂದರೆ 65 ಅಕ್ಷರ. ಔಷಧದ ಹೆಸರು, ದೇಹದ ಭಾಗಗಳ ಲ್ಯಾಟಿನ್ ಪದ, ನಾನಾ ದೇಶಗಳಿಂದ ಬಂದ ವೈದ್ಯರ ನಾನಾ ಉಚ್ಚಾರ, ಇಷ್ಟೂ ಕಿವಿಗೆ ಹತ್ತಲು ವರ್ಷವೇ ಹಿಡಿಯುತ್ತಿತ್ತು. ಹತ್ತಿದ ಮೇಲೆ ಮಾತ್ರ ಒಳ್ಳೆಯ ಸಂಪಾದನೆ. ರಾತ್ರಿ ಪಾಳಿ, ಮನೆ ಬಾಗಿಲಿಗೆ ಕ್ಯಾಬು, ಕ್ರಮೇಣ ಒಂದು ಸ್ಕೂಟರು, ಆಮೇಲೆ ಸೈಟಿನ ಸಾಲ.

ನಂತರ ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ ಬಂತು. ಬಂದ ದಿನ ಯಾರನ್ನೂ ಮನೆಗೆ ಕಳಿಸಲಿಲ್ಲ. ಪದನಾಮ ಬದಲಾಯಿತು ಅಷ್ಟೆ: ಟ್ರಾನ್ಸ್‌ಕ್ರಿಪ್ಷನಿಸ್ಟ್ ಆಗಿದ್ದವರು ಎಡಿಟರ್ ಆದರು. ಕರಡನ್ನು ಯಂತ್ರ ಬರೆದಿರುತ್ತದೆ, ನೀವು ಕೇಳುತ್ತ ತಿದ್ದಿದರೆ ಸಾಕು. ಈಗ ಟೈಪ್ ಮಾಡುವ ಶ್ರಮ ಇಲ್ಲವಲ್ಲ ಎಂಬ ಸಮಜಾಯಿಷಿಯೊಂದಿಗೆ ಸಾಲಿನ ದರ ಹೆಚ್ಚುಕಮ್ಮಿ ಅರ್ಧಕ್ಕಿಳಿಯಿತು. ವೈದ್ಯರು ‘ಹೈಪೊಟೆನ್ಷನ್’ ಎಂದದ್ದನ್ನು ಯಂತ್ರ ‘ಹೈಪರ್‌ಟೆನ್ಷನ್’ ಎಂದು ಬರೆದುಕೊಂಡಿದ್ದರೆ ಅದನ್ನು ಹಿಡಿಯಲು ಮೊದಲಿನಷ್ಟೇ ಕಿವಿಗೊಟ್ಟು ಕೇಳಬೇಕು. ಹೊಣೆ ಅಷ್ಟೇ ಉಳಿಯಿತು, ಕಾಸು ಮಾತ್ರ ಕಡಿಮೆಯಾಯಿತು. ಕೆಲವರು ಮೆಡಿಕಲ್ ಕೋಡಿಂಗ್‌ಗೆ ಜಿಗಿದರು, ಕೆಲವರು ಕಾಲ್ ಸೆಂಟರಿಗೆ ಹೋದರು, ಉಳಿದವರು ಇನ್ನಷ್ಟು ಸಾಲುಗಳನ್ನು ತಿದ್ದಿ ಮೊದಲಿನ ಸಂಬಳ ಹೊಂದಿಸಲು ನೋಡಿದರು. ಈಗ ವೈದ್ಯರೂ ರೋಗಿಯೂ ಆಡುವ ಮಾತನ್ನು ಕೋಣೆಯಲ್ಲೇ ಕೇಳಿಸಿಕೊಂಡು ವರದಿ ಬರೆಯುವ ಎಐ ಬಂದಿದೆ. ಅಂಥ ತಂತ್ರಾಂಶ ಮಾಡುವ ನ್ಯೂಆನ್ಸ್ ಕಂಪನಿಯನ್ನು ಮೈಕ್ರೋಸಾಫ್ಟ್ 2022ರಲ್ಲಿ ಸುಮಾರು 1,970 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು.

ಎಐ ಬಂದರೆ ನನ್ನ ಕೆಲಸ ಹೋಗುತ್ತದೆಯೇ ಎಂದು ಕೇಳುವವರಿಗೆಲ್ಲ ನಾನು ಈ ಕಥೆಯನ್ನೇ ಹೇಳುವುದು. ಕೆಲಸ ಹೋಗುವುದು ಕೊನೆಯ ಅಂಕ. ಅದಕ್ಕೂ ಮೊದಲು ದರ ಇಳಿಯುತ್ತದೆ, ಗುರಿ ಏರುತ್ತದೆ, ಹೊಸಬರನ್ನು ತೆಗೆದುಕೊಳ್ಳುವುದು ನಿಲ್ಲುತ್ತದೆ, ನಿವೃತ್ತರಾದವರ ಕುರ್ಚಿ ಖಾಲಿಯೇ ಉಳಿಯುತ್ತದೆ. ಇವು ಸುದ್ದಿಯಾಗುವುದಿಲ್ಲ. ಮಧ್ಯಮ ವರ್ಗದ ಮನೆಯ ಬಜೆಟ್ ಕುಸಿಯಲು ಶುರುವಾಗುವುದು ಮಾತ್ರ ಇಲ್ಲಿಂದಲೇ.

ಕನ್ನಡ ಅನುವಾದಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಜೆನ್ಸಿಗಳು ಈಗ ಮೂಲದ ಜೊತೆಗೆ ಯಂತ್ರ ಮಾಡಿದ ಕನ್ನಡವನ್ನೂ ಕಳಿಸಿ ‘ಸ್ವಲ್ಪ ನೋಡಿ ತಿದ್ದಿಕೊಡಿ’ ಎನ್ನುತ್ತವೆ. ಪದಕ್ಕಿಷ್ಟು ಎಂಬ ದರ ತಿದ್ದುಪಡಿಗೆ ಬೇರೆ, ಕಡಿಮೆ. ಕೆಟ್ಟ ಅನುವಾದವನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಬೇಗ ಆಗುತ್ತದೆ ಎಂದು ಯಾವ ಅನುವಾದಕರನ್ನು ಕೇಳಿದರೂ ಹೇಳುತ್ತಾರೆ. ಇನ್‌ವಾಯ್ಸಿನಲ್ಲಿ ಆ ಮಾತಿಗೆ ಕಾಲಂ ಇರುವುದಿಲ್ಲ.

ನಡುವಿನವರಿಗೇ ಏಕೆ ಬಿಸಿ?

ಹಿಂದಿನ ಯಂತ್ರಗಳು ಮೈಮುರಿದು ದುಡಿಯುವವರ ಕೆಲಸಕ್ಕೆ ಕೈಹಾಕಿದ್ದವು. ಈ ಸಲ ಮೇಜಿನ ಮುಂದೆ ಕುಳಿತವರ ಸರದಿ. ಅಂತರರಾಷ್ಟ್ರೀಯ ಹಣಕಾಸು ನಿಧಿಯ 2024ರ ಜನವರಿಯ ಅಂದಾಜಿನಂತೆ ಜಗತ್ತಿನ ಸುಮಾರು ಶೇ 40ರಷ್ಟು ಉದ್ಯೋಗಗಳಿಗೆ ಎಐ ತಾಗಲಿದೆ. ಶ್ರೀಮಂತ ದೇಶಗಳಲ್ಲಿ ಅದು ಶೇ 60, ಬಡ ದೇಶಗಳಲ್ಲಿ ಶೇ 26. ಮೇಜಿನ ಕೆಲಸ ಜಾಸ್ತಿ ಇದ್ದಲ್ಲಿ ತಾಗುವುದೂ ಜಾಸ್ತಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2023ರಲ್ಲಿ ನಡೆಸಿದ ಅಧ್ಯಯನದಲ್ಲಿ ಎಲ್ಲಕ್ಕಿಂತ ಹೆಚ್ಚು ತೆರೆದುಕೊಂಡಿರುವುದು ಗುಮಾಸ್ತೆ ಕೆಲಸ ಎಂದು ಕಂಡುಬಂತು. ಆ ಕೆಲಸಗಳಲ್ಲಿ ಹೆಂಗಸರೇ ಹೆಚ್ಚಿರುವುದರಿಂದ ಪೆಟ್ಟೂ ಅವರಿಗೇ ಹೆಚ್ಚು. ‘ತಾಗುವುದು’ ಎಂದರೆ ‘ಹೋಗುವುದು’ ಎಂದಲ್ಲ, ಟಿವಿ ಚರ್ಚೆಗಳಲ್ಲಿ ಮಾತ್ರ ಎರಡೂ ಒಂದೇ. 2013ರಲ್ಲಿ ಆಕ್ಸ್‌ಫರ್ಡಿನ ಇಬ್ಬರು ಸಂಶೋಧಕರು ಅಮೆರಿಕದ ಶೇ 47ರಷ್ಟು ಉದ್ಯೋಗಗಳು ಯಂತ್ರದ ಪಾಲಾಗುವ ಅಪಾಯದಲ್ಲಿವೆ ಎಂದಿದ್ದರು. ಮೂರು ವರ್ಷಗಳ ನಂತರ ಉದ್ಯೋಗದ ಬದಲು ಅದರೊಳಗಿನ ಬಿಡಿ ಕೆಲಸಗಳನ್ನು ಲೆಕ್ಕಹಾಕಿದ ಒಇಸಿಡಿ ಅಧ್ಯಯನ, ಅಂಥ ಅಪಾಯ ಇರುವುದು ಶೇ 9ಕ್ಕೆ ಎಂದಿತು. ಅಳೆಯುವ ಕೋಲು ಬದಲಾದದ್ದಕ್ಕೆ ಇಷ್ಟು ಅಂತರ.

ನಮ್ಮ ಐಟಿ ಕಂಪನಿಗಳದ್ದು ಪಿರಮಿಡ್ಡಿನ ಲೆಕ್ಕಾಚಾರ. ತಳದಲ್ಲಿ ಕಡಿಮೆ ಸಂಬಳದ ಸಾವಿರಾರು ಹೊಸಬರು, ನಡುವೆ ಅವರನ್ನು ನೋಡಿಕೊಳ್ಳುವ ಲೀಡ್‌ಗಳು, ಮ್ಯಾನೇಜರುಗಳು, ತುದಿಯಲ್ಲಿ ಗ್ರಾಹಕರ ಜೊತೆ ಮಾತಾಡುವ ಕೆಲವರು. ಗ್ರಾಹಕರಿಗೆ ಬಿಲ್ಲು ತಲೆ ಲೆಕ್ಕದಲ್ಲಿ, ಗಂಟೆ ಲೆಕ್ಕದಲ್ಲಿ. ಟೆಸ್ಟಿಂಗ್, ಹಳೆಯ ಕೋಡ್ ಓದಿ ದಾಖಲೆ ಬರೆಯುವುದು, ಮೊದಲ ಹಂತದ ಸಪೋರ್ಟ್ ಟಿಕೆಟ್, ಇವು ಹೊಸಬರು ಕೆಲಸ ಕಲಿಯುತ್ತಿದ್ದ ಮೆಟ್ಟಿಲುಗಳು. ಇಂದಿನ ಎಐ ಚೆನ್ನಾಗಿ ಮಾಡುವುದೂ ಇವನ್ನೇ. ತಳ ಸಣ್ಣದಾದರೆ ತಳವನ್ನು ನೋಡಿಕೊಳ್ಳುವವರ ಸಂಖ್ಯೆಯೂ ಇಳಿಯಬೇಕಲ್ಲ? ಹದಿನೈದು ವರ್ಷ ಕೆಲಸ ಮಾಡಿ, ಕೋಡ್ ಬರೆಯುವುದು ಬಿಟ್ಟು ಹಾಳೆ ತುಂಬುವುದು, ಸ್ಟೇಟಸ್ ಕಾಲ್ ನಡೆಸುವುದು ಎಂದಾಗಿರುವ ಮ್ಯಾನೇಜರು ಸಿಕ್ಕಿಕೊಳ್ಳುವುದು ಇಲ್ಲಿ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯ ಸುಮಾರು ಶೇ 2, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕೈಬಿಡುವುದಾಗಿ ಹೇಳಿತು. ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಕಾರಣ ಎಐ ಅಲ್ಲ, ಕೌಶಲ ಹೊಂದುತ್ತಿಲ್ಲ ಎಂದು ಕಂಪನಿಯ ಮುಖ್ಯಸ್ಥರು ವಿವರಿಸಿದರು. ಇರಬಹುದು. ಕೆಲಸ ಕಳೆದುಕೊಂಡವರಿಗೆ ಕಾರಣದ ಹೆಸರಿನಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ನೀತಿ ಆಯೋಗದ ವರದಿ, ನಾವು ಸುಮ್ಮನೆ ಕುಳಿತರೆ 2023ರಲ್ಲಿ 75–80 ಲಕ್ಷವಿದ್ದ ತಂತ್ರಜ್ಞಾನ ಸೇವೆಗಳ ಉದ್ಯೋಗ 2031ಕ್ಕೆ 60 ಲಕ್ಷಕ್ಕೆ ಇಳಿಯಬಹುದು ಎಂದಿತು. ಸರಿಯಾಗಿ ನಡೆದುಕೊಂಡರೆ ಐದು ವರ್ಷಗಳಲ್ಲಿ 40 ಲಕ್ಷ ಹೊಸ ಉದ್ಯೋಗ ಹುಟ್ಟಬಹುದು ಎಂದೂ ಅದೇ ವರದಿಯಲ್ಲಿದೆ.

ಇನ್ನೊಂದು ಗೋಜಲೂ ಇದೆ. ಗ್ರಾಹಕ ಸೇವೆಯ 5,000ಕ್ಕೂ ಹೆಚ್ಚು ಸಿಬ್ಬಂದಿಯನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್‌ಯೋಲ್ಫ್‌ಸನ್ ಮತ್ತು ಸಂಗಡಿಗರು, ಎಐ ನೆರವು ಸಿಕ್ಕಾಗ ಕೆಲಸದ ವೇಗ ಸರಾಸರಿ ಶೇ 14ರಷ್ಟು, ಹೊಸಬರಲ್ಲಿ ಶೇ 34ರಷ್ಟು ಹೆಚ್ಚಿತು ಎಂದು 2023ರಲ್ಲಿ ಬರೆದರು. ಪಳಗಿದವರಿಗೆ ಲಾಭ ಅತ್ಯಲ್ಪ. ಹಾಗಾದರೆ ಹೊಸಬರಿಗೆ ಬೇಡಿಕೆ ಏರಬೇಕಿತ್ತು. ಅದೇ ಬ್ರಿನ್‌ಯೋಲ್ಫ್‌ಸನ್ 2025ರಲ್ಲಿ ಸ್ಟ್ಯಾನ್‌ಫರ್ಡಿನಿಂದ ಹೊರತಂದ ಇನ್ನೊಂದು ಅಧ್ಯಯನ ಬೇರೆಯೇ ಹೇಳುತ್ತದೆ: ಎಐ ಹೆಚ್ಚು ತಾಗುವ ವೃತ್ತಿಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ, ಉಳಿದವರಿಗೆ ಹೋಲಿಸಿದರೆ ಶೇ 13ರಷ್ಟು ಕುಗ್ಗಿದೆ. ನನಗನ್ನಿಸುವಂತೆ ಎರಡೂ ನಿಜ. ಒಳಗೆ ಸೇರಿಕೊಂಡ ಹೊಸಬರಿಗೆ ಯಂತ್ರ ಗುರುವಾಗುತ್ತದೆ. ಒಳಗೆ ಸೇರಿಸಿಕೊಳ್ಳುವ ಬಾಗಿಲನ್ನು ಕಿರಿದಾಗಿಸುವುದೂ ಅದೇ. ಹಳಬರ ಅನುಭವಕ್ಕೆ ಸಿಗುತ್ತಿದ್ದ ಹೆಚ್ಚುವರಿ ಬೆಲೆ ಸದ್ದಿಲ್ಲದೆ ಕರಗುತ್ತದೆ.

ಕಂಪನಿಗಳ ಮುಖ್ಯಸ್ಥರು ವೇದಿಕೆಯ ಮೇಲೆ ಆಡುವ ಮಾತನ್ನು ಮಾತ್ರ ಅಕ್ಷರಶಃ ನಂಬಬೇಡಿ. ಸ್ವೀಡನ್ನಿನ ಕ್ಲಾರ್ನಾ ಎಂಬ ಸಾಲದ ಕಂಪನಿ ತನ್ನ ಎಐ 700 ಮಂದಿಯ ಕೆಲಸ ಮಾಡುತ್ತಿದೆ ಎಂದು 2024ರಲ್ಲಿ ಬೀಗಿತು. ಮರುವರ್ಷ ಗ್ರಾಹಕ ಸೇವೆಗೆ ಮನುಷ್ಯರನ್ನು ಮತ್ತೆ ಹುಡುಕಲು ಶುರುಮಾಡಿತು.

ನಿಮ್ಮ ಕೆಲಸವನ್ನು ಬಿಡಿಸಿ ನೋಡಿ

‘ಅಕೌಂಟೆಂಟ್ ಕೆಲಸ ಸೇಫಾ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಅಕೌಂಟೆಂಟರ ಕೆಲಸವನ್ನು ಬಿಡಿಸಿಟ್ಟರೆ ಉತ್ತರ ಇದೆ. ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಒಂದು ಟ್ಯಾಕ್ಸ್ ಪ್ರಾಕ್ಟೀಷನರ್ ಕಚೇರಿ, ಅಲ್ಲಿ ನಾಲ್ಕು ಜನ ಸಹಾಯಕರು ಎಂದುಕೊಳ್ಳಿ. ಪ್ರತಿ ತಿಂಗಳು ಅಂಗಡಿಯವರು ಬ್ಯಾಗಿನಲ್ಲಿ ತುಂಬಿ ತರುವ ಖರೀದಿ ಬಿಲ್ಲುಗಳನ್ನು ಟ್ಯಾಲಿ ತಂತ್ರಾಂಶಕ್ಕೆ ಏರಿಸುವುದು ಒಂದು ಕೆಲಸ. ಅದನ್ನು ಜಿಎಸ್‌ಟಿ ಪೋರ್ಟಲಿನ 2ಬಿ ಪಟ್ಟಿಯ ಜೊತೆ ತಾಳೆ ನೋಡಿ, ಬಿಲ್ಲು ಇದ್ದೂ ಅಲ್ಲಿ ಕಾಣದ ಮಾರಾಟಗಾರರನ್ನು ಪತ್ತೆಹಚ್ಚುವುದು ಎರಡನೆಯದು. ಅವರಿಗೆ ಫೋನು ಮಾಡಿ, ಬೈದೋ ಕೇಳಿಕೊಂಡೋ ರಿಟರ್ನ್ ಹಾಕಿಸುವುದು ಮೂರನೆಯದು. 20ನೇ ತಾರೀಕಿನೊಳಗೆ 3ಬಿ ರಿಟರ್ನ್ ಸಲ್ಲಿಸುವುದು, ಇಲಾಖೆಯ ನೋಟಿಸಿಗೆ ಉತ್ತರ ಬರೆಯುವುದು, ಅಧಿಕಾರಿಯ ಎದುರು ಕುಳಿತು ವಿವರಿಸುವುದು, ‘ಈ ವರ್ಷ ಗೋಡೌನ್ ತಗೊಳ್ಳಲೋ ಬೇಡವೋ’ ಎಂದು ಬರುವ ಕಕ್ಷಿದಾರರಿಗೆ ಸಲಹೆ ಹೇಳುವುದು ಉಳಿದವು.

ಬಿಲ್ಲು ಏರಿಸುವ ಕೆಲಸ ಆಗಲೇ ಹೋಗುತ್ತಿದೆ. ಮೊಬೈಲಿನಲ್ಲಿ ಫೋಟೊ ತೆಗೆದರೆ ಸಾಕು. ತಾಳೆ ನೋಡುವುದನ್ನು ತಂತ್ರಾಂಶ ನಿಮಿಷಗಳಲ್ಲಿ ಮಾಡುತ್ತದೆ. ನೋಟಿಸಿನ ಉತ್ತರದ ಕರಡನ್ನು ಎಐ ಚೆಂದವಾಗಿ ಬರೆಯುತ್ತದೆ, ಜೊತೆಗೆ ಎಂದೂ ಇಲ್ಲದ ತೀರ್ಪೊಂದನ್ನು ಅಷ್ಟೇ ಚೆಂದವಾಗಿ ಉಲ್ಲೇಖಿಸಲೂಬಹುದು. ಅದನ್ನು ಹಿಡಿಯಬಲ್ಲವರು ಬೇಕು, ಕೆಳಗೆ ಸಹಿ ಹಾಕುವವರು ಬೇಕು. ಮಾರಾಟಗಾರರಿಂದ ರಿಟರ್ನ್ ಹಾಕಿಸುವ ಸಹಾಯಕಿಯ ಕೆಲಸಕ್ಕೆ ಸದ್ಯಕ್ಕೇನೂ ಆಗುವುದಿಲ್ಲ. ಕಚೇರಿ ಉಳಿಯುತ್ತದೆ. ನಾಲ್ಕು ಜನ ಮಾತ್ರ ಉಳಿಯಲಿಕ್ಕಿಲ್ಲ. ಯಾರು ಉಳಿಯುತ್ತಾರೆ ಎಂಬುದು ಪದವಿಯಿಂದ ತೀರ್ಮಾನವಾಗುವುದಿಲ್ಲ, ತಿಂಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟಿದ್ದರು ಎಂಬುದರಿಂದ ಆಗುತ್ತದೆ.

ನೀವೂ ಒಂದು ತಿಂಗಳು ಹೀಗೆ ಬರೆದಿಡಿ. ಆ ದಿನ ಮಾಡಿದ ಕೆಲಸಗಳು, ಪ್ರತಿಯೊಂದಕ್ಕೂ ಹಿಡಿದ ಹೊತ್ತು. ಆಮೇಲೆ ಒಂದೊಂದನ್ನೂ ಕೆಣಕಿ ನೋಡಿ. ಈ ಕೆಲಸಕ್ಕೆ ಬೇಕಾದ ಮಾಹಿತಿಯೆಲ್ಲ ಪರದೆಯ ಮೇಲೇ ಇದೆಯೇ, ಅಥವಾ ಯಾರದೋ ತಲೆಯಲ್ಲಿ, ಯಾವುದೋ ಗೋಡೌನಿನಲ್ಲಿ ಇದೆಯೇ? ಫಲಿತಾಂಶ ತಪ್ಪಾಗಿದ್ದರೆ ತಕ್ಷಣ ಗೊತ್ತಾಗುತ್ತದೆಯೇ, ಆರು ತಿಂಗಳ ನಂತರ ನೋಟಿಸು ಬಂದಾಗ ಗೊತ್ತಾಗುತ್ತದೆಯೇ? ತಪ್ಪಿಗೆ ಹೊಣೆ ಹೊರುವವರು ಯಾರು? ಎದುರಿಗಿರುವವರಿಗೆ ನೀವೇ ಬೇಕೋ, ಯಾರಾದರೂ ಆದೀತೋ? ಎಲ್ಲವೂ ಪರದೆಯ ಮೇಲಿದ್ದು, ತಪ್ಪು ಸುಲಭವಾಗಿ ಗೊತ್ತಾಗುವಂತಿದ್ದು, ಯಾರು ಮಾಡಿದರೂ ನಡೆಯುವಂಥ ಕೆಲಸಕ್ಕೆ ನಿಮ್ಮ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಗುತ್ತಿದ್ದರೆ, ನಿಮ್ಮ ದರ ಬೀಳುವ ಸಾಲಿನಲ್ಲಿದೆ ಎಂದೇ ತಿಳಿಯಿರಿ. ಕಚೇರಿಯಲ್ಲಿ ಕಣ್ಣಿಡಬೇಕಾದ ಸುಳಿವುಗಳೂ ಇವೆ: ರಾಜೀನಾಮೆ ಕೊಟ್ಟವರ ಜಾಗಕ್ಕೆ ಜನ ಬರುತ್ತಿಲ್ಲ, ನಿಮ್ಮ ಕೆಲಸದ ಹಂತಗಳನ್ನು ವಿವರವಾಗಿ ಬರೆದುಕೊಡಲು ಹೇಳಿದ್ದಾರೆ, ಗ್ರಾಹಕರು ಗುತ್ತಿಗೆ ನವೀಕರಿಸುವಾಗ ‘ಎಐನಿಂದ ಎಷ್ಟು ಉಳಿತಾಯ’ ಎಂದು ಕೇಳಿದ್ದಾರೆ.

ಕಲಿಯುವ ವಿಷಯದಲ್ಲಿ ನನ್ನದು ಸ್ವಲ್ಪ ಒರಟು ಅಭಿಪ್ರಾಯ. ‘ಪ್ರಾಂಪ್ಟ್ ಎಂಜಿನಿಯರಿಂಗ್’ ಸರ್ಟಿಫಿಕೇಟಿಗೆ ಲಕ್ಷಗಟ್ಟಲೆ ಕೊಡಬೇಡಿ. ಕೆಲಸ ಗ್ಯಾರಂಟಿ ಎಂದು ಹೇಳಿ, ಫೀಸನ್ನು ಸಾಲವಾಗಿ ಪರಿವರ್ತಿಸಿ ನಿಮ್ಮ ಆಧಾರ್, ಪ್ಯಾನ್ ತೆಗೆದುಕೊಳ್ಳುವ ಸಂಸ್ಥೆಗಳಿಂದ ದೂರವಿರಿ. ಕೋರ್ಸು ಅರ್ಧಕ್ಕೆ ಬಿಟ್ಟರೂ ಕಂತು ನಿಲ್ಲುವುದಿಲ್ಲ. ಐಐಟಿಗಳು ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪಾಠಗಳು ಉಚಿತ, ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಅದಕ್ಕಿಂತ ಉಪಯೋಗದ ಅಭ್ಯಾಸವೊಂದಿದೆ. ನಿಮಗೆ ಅಂಗೈಯಷ್ಟು ಚೆನ್ನಾಗಿ ಗೊತ್ತಿರುವ ಒಂದು ಕೆಲಸವನ್ನು ಎಐಗೆ ಒಪ್ಪಿಸಿ, ಅದು ಎಲ್ಲೆಲ್ಲಿ ಎಡವುತ್ತದೆ ಎಂದು ಪಟ್ಟಿ ಮಾಡಿ. ಆ ಪಟ್ಟಿಯೇ ಮುಂದಿನ ಸಂದರ್ಶನದಲ್ಲಿ ನಿಮ್ಮ ಬಂಡವಾಳ, ಏಕೆಂದರೆ ಎಐ ಕೊಂಡುಕೊಂಡ ಕಂಪನಿಗಳಿಗೆ ಈಗ ಬೇಕಾಗಿರುವುದು ಅದರ ತಪ್ಪು ಹಿಡಿಯಬಲ್ಲವರು. ಕಚೇರಿಯ ಕಡತ, ಗ್ರಾಹಕರ ವಿವರ, ರೋಗಿಗಳ ವರದಿಗಳನ್ನು ಸಾರ್ವಜನಿಕ ಚಾಟ್‌ಬಾಟಿಗೆ ಹಾಕಿ ಪ್ರಯೋಗ ಮಾಡಬೇಡಿ. ಕೆಲಸ ಕಳೆದುಕೊಳ್ಳಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ, ಮೇಲೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಇದೆ.

ರೋಬೋಗಳ ಮಾತು

ರೋಬೋ ವಿಷಯಕ್ಕೆ ಜನ ಹೆದರುವಷ್ಟು ಕಾರಣ ಸದ್ಯಕ್ಕೆ ಕಾಣುವುದಿಲ್ಲ. ಕಾರು ಕಾರ್ಖಾನೆಗಳ ವೆಲ್ಡಿಂಗ್ ಮತ್ತು ಪೇಂಟ್ ವಿಭಾಗಗಳಲ್ಲಿ ಯಂತ್ರದ ತೋಳುಗಳು ದಶಕಗಳಿಂದ ಇವೆ. 2024ರಲ್ಲಿ ಭಾರತದ ಕಾರ್ಖಾನೆಗಳು ಹೊಸದಾಗಿ ಹಾಕಿಕೊಂಡ ರೋಬೋಗಳು 9,100ರಷ್ಟು, ಅದೇ ವರ್ಷ ಚೀನಾದಲ್ಲಿ ಸುಮಾರು 2,95,000. ಕೈ ಕೆಲಸ ಅಗ್ಗವಾಗಿ ಸಿಗುವ ದೇಶದಲ್ಲಿ ಯಂತ್ರಕ್ಕೆ ಹಾಕಿದ ದುಡ್ಡು ಬೇಗ ಹುಟ್ಟುವುದಿಲ್ಲ. ದೇವನಹಳ್ಳಿಯ ಫಾಕ್ಸ್‌ಕಾನ್ ಘಟಕದಲ್ಲಿ ಐಫೋನ್ ಜೋಡಿಸಲು ಸಾವಿರಾರು ಯುವತಿಯರನ್ನು ಸೇರಿಸಿಕೊಂಡದ್ದು ಇದೇ ಲೆಕ್ಕದಿಂದ. ಬಟ್ಟೆಯಂತೂ ರೋಬೋಗೆ ಬಗ್ಗದ ವಸ್ತು. ಹಿಡಿದರೆ ಜೋಲುತ್ತದೆ, ಎಳೆದರೆ ಹಿಗ್ಗುತ್ತದೆ, ಕಾಲರ್ ತಿರುಗಿಸುವಾಗ ಬೆರಳಿಗೆ ತಿಳಿಯುವುದು ಯಂತ್ರಕ್ಕೆ ತಿಳಿಯುವುದಿಲ್ಲ. ಅಡಿಡಾಸ್ ಜರ್ಮನಿಯ ಆನ್ಸ್‌ಬಾಖ್‌ನಲ್ಲೂ ಅಮೆರಿಕದ ಅಟ್ಲಾಂಟದಲ್ಲೂ ರೋಬೋಗಳಿಂದ ಶೂ ಮಾಡುವ ಕಾರ್ಖಾನೆ ತೆರೆದು, ಮುಚ್ಚುವುದಾಗಿ 2019ರಲ್ಲಿ ಪ್ರಕಟಿಸಿತು. ಪೀಣ್ಯದ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಂಗಸರ ಕೆಲಸಕ್ಕೆ ಸದ್ಯದ ಅಪಾಯ ರೋಬೋಗಿಂತ ಬೇರೆ ದೇಶದ ಅಗ್ಗದ ಆರ್ಡರಿನದು.

ಹೀಗಿರುವುದರಿಂದಲೇ ‘ಪ್ಲಂಬರ್ ಆಗು, ಎಲೆಕ್ಟ್ರಿಷಿಯನ್ ಆಗು, ಎಐ ಮುಟ್ಟುವುದಿಲ್ಲ’ ಎಂಬ ಉಪದೇಶ ವಾಟ್ಸಾಪಿನಲ್ಲಿ ಸುತ್ತುತ್ತದೆ. ಅದು ಅರ್ಧ ಸತ್ಯ. ಆ ಕೆಲಸ ಉಳಿಯುತ್ತದೆ. ಅದಕ್ಕೆ ಕೂಲಿ ಕೊಡುವವರು ಯಾರು? ಬೆಂಗಳೂರಿನ ಹೊರವರ್ತುಲ ರಸ್ತೆಯ ಅಕ್ಕಪಕ್ಕದ ಪಿಜಿಗಳು, ಮೆಸ್ಸುಗಳು, ಕ್ಯಾಬುಗಳು, ಅಡುಗೆಯವರು, ಇಸ್ತ್ರಿ ಅಂಗಡಿಗಳು, ಇಂಟೀರಿಯರ್ ಬಡಗಿಗಳು ಎಲ್ಲರೂ ನಿಂತಿರುವುದು ಐಟಿ ಸಂಬಳದ ಮೇಲೆ. ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳದಿದ್ದರೆ ಮೊದಲು ಖಾಲಿಯಾಗುವುದು ಪಿಜಿಯ ಹಾಸಿಗೆ.

ಮನೆಯ ಲೆಕ್ಕ

ಸಂಬಳ ಏರುತ್ತಲೇ ಇರುತ್ತದೆ ಎಂಬ ನಂಬಿಕೆಯ ಮೇಲೆ ನಮ್ಮ ಮಧ್ಯಮ ವರ್ಗ ಮನೆ ಕಟ್ಟಿಕೊಂಡಿದೆ. ಶೇ 8.5 ಬಡ್ಡಿಯಲ್ಲಿ 50 ಲಕ್ಷ ಸಾಲವನ್ನು 20 ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 43,400 ರೂಪಾಯಿ. ಮೊದಲ ವರ್ಷಗಳಲ್ಲಿ ಅದರ ಬಹುಪಾಲು ಬಡ್ಡಿಗೇ ಹೋಗುತ್ತದೆ. ಗಂಡ ಹೆಂಡತಿ ಇಬ್ಬರದೂ ಐಟಿ ಕೆಲಸ, ಮನೆ ಐಟಿ ಪಾರ್ಕಿನ ಪಕ್ಕ, ಉಳಿತಾಯ ಅದೇ ಕಂಪನಿಯ ಷೇರಿನಲ್ಲಿ ಎಂದಾದರೆ, ಕೆಟ್ಟ ವರ್ಷ ಬಂದಾಗ ಎಲ್ಲವೂ ಒಟ್ಟಿಗೇ ಕೈಕೊಡುತ್ತವೆ. ಇಬ್ಬರ ಸಂಬಳ ನೋಡಿ ಬ್ಯಾಂಕು ಕೊಡಲೊಪ್ಪುವ ಸಾಲವನ್ನು ಒಬ್ಬರ ಸಂಬಳದಲ್ಲಿ ತೀರಿಸಲಾದೀತೇ ಎಂದು ನೋಡಿ. ಆಗದಿದ್ದರೆ ಮನೆ ಚಿಕ್ಕದಾಗಲಿ.

ಆಪತ್ತಿಗೆಂದು ಆರು ತಿಂಗಳ ಖರ್ಚು ಇಟ್ಟುಕೊಳ್ಳಿ ಎಂಬುದು ಮಾಮೂಲಿ ಸಲಹೆ. 30 ವಯಸ್ಸಿನವರಿಗೆ ಅದು ಸಾಕು. ನಲವತ್ತು ದಾಟಿ ಮ್ಯಾನೇಜರ್ ಹುದ್ದೆಯಲ್ಲಿರುವವರಿಗೆ ಅದೇ ಸಂಬಳದ ಇನ್ನೊಂದು ಕುರ್ಚಿ ಅಷ್ಟು ಬೇಗ ಸಿಗುವುದಿಲ್ಲ. ಅವರು ಒಂದು ವರ್ಷದ ಕಂತು, ಶಾಲಾ ಫೀಸು, ವಿಮಾ ಪ್ರೀಮಿಯಂ ಸೇರಿಸಿ ಎತ್ತಿಡಬೇಕು. ಎಫ್‌ಡಿ ಆಗಲಿ, ಲಿಕ್ವಿಡ್ ಫಂಡ್ ಆಗಲಿ, ಬೇಕೆಂದ ದಿನ ಕೈಗೆ ಸಿಗುವಂತಿರಲಿ. ಬೋನಸ್ ಬಂದ ಕೂಡಲೇ ಗೃಹಸಾಲಕ್ಕೆ ಕಟ್ಟಿಬಿಡುವ ಅವಸರ ಹಲವರಿಗೆ ಇರುತ್ತದೆ. ಬದಲಾಗುವ ಬಡ್ಡಿದರದ ಸಾಲಕ್ಕೆ ಮುಂಗಡ ಪಾವತಿಯ ದಂಡವಿಲ್ಲ, ಕಟ್ಟುವುದು ಒಳ್ಳೆಯದೇ. ಆದರೆ ಆಪತ್ತಿನ ಹಣ ತುಂಬಿದ ಮೇಲೆ. ಬ್ಯಾಂಕಿಗೆ ಕಟ್ಟಿದ ದುಡ್ಡು ಕೆಲಸ ಹೋದ ತಿಂಗಳು ವಾಪಸು ಬರುವುದಿಲ್ಲ, ಓವರ್‌ಡ್ರಾಫ್ಟ್ ಸೌಲಭ್ಯವಿರುವ ಗೃಹಸಾಲದಲ್ಲಿ ಮಾತ್ರ ಬರುತ್ತದೆ. ಕಂತು ಕಟ್ಟಲಾಗುವುದಿಲ್ಲ ಎನಿಸಿದರೆ ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಿಸಲು ಕೇಳಿ. ತಪ್ಪಿದ ಮೇಲೆ ಕೇಳುವವರ ಮಾತಿನ ತೂಕವೇ ಬೇರೆ, ಸಿಬಿಲ್ ಅಂಕವೂ ಬಿದ್ದಿರುತ್ತದೆ.

ಎಲ್ಲರೂ ಮರೆಯುವುದು ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೆ ಮುಗಿಯುತ್ತದೆ, ಅದರಡಿ ಇರುವ ಅಪ್ಪ ಅಮ್ಮನ ರಕ್ಷಣೆಯೂ. ಅರವತ್ತೈದರ ಸಕ್ಕರೆ ಕಾಯಿಲೆಯ ತಂದೆಗೆ ಆಗ ಹೊಸ ಪಾಲಿಸಿ ಹುಡುಕಲು ಹೊರಟರೆ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗಲು ನಿಯಮದಲ್ಲಿ ಅವಕಾಶವಿದೆ. ರಕ್ಷಣೆ ಮುಗಿಯುವ ಮೊದಲೇ ಅರ್ಜಿ ಹಾಕಬೇಕು. ಕೆಲಸ ಗಟ್ಟಿಯಾಗಿರುವಾಗಲೇ ಕುಟುಂಬಕ್ಕೊಂದು ಸ್ವಂತ ಪಾಲಿಸಿ ಮಾಡಿಕೊಳ್ಳುವುದು ಇನ್ನೂ ಮೇಲು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ.

ಎಚ್‌ಆರ್ ಕರೆದ ದಿನ

ದಿಢೀರನೆ ಮೀಟಿಂಗಿಗೆ ಕರೆದು, ‘ನೀವೇ ರಾಜೀನಾಮೆ ಕೊಟ್ಟರೆ ಮುಂದಿನ ಕೆಲಸಕ್ಕೆ ಒಳ್ಳೆಯದು’ ಎಂದು ಕಾಗದ ಮುಂದಿಟ್ಟರೆ ಅಲ್ಲೇ ಸಹಿ ಹಾಕಬೇಡಿ. ಓದಿ ನೋಡಲು ಸಮಯ ಕೇಳಿ, ಆಡಿದ ಮಾತನ್ನು ಇಮೇಲಿನಲ್ಲಿ ಬರೆದು ಕಳಿಸಿ. ರಾಜೀನಾಮೆಗೂ ಕಂಪನಿಯೇ ತೆಗೆದುಹಾಕುವುದಕ್ಕೂ ಕಾನೂನಿನಲ್ಲಿ ಅಜಗಜಾಂತರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಂತೆ, ಒಂದು ವರ್ಷ ಸತತ ಸೇವೆ ಮಾಡಿದ ಕಾರ್ಮಿಕರನ್ನು ಕೈಬಿಡಬೇಕಾದರೆ ಕಾರಣ ತಿಳಿಸುವ ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ವೇತನ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರವಾಗಿ ಕೊಡಬೇಕು. ಮರುಕೌಶಲ ನಿಧಿಯ ಮೂಲಕ ಇನ್ನೂ 15 ದಿನದ ವೇತನ 45 ದಿನದೊಳಗೆ ಖಾತೆಗೆ ಬರಬೇಕು. ರಾಜೀನಾಮೆ ಕೊಟ್ಟವರಿಗೆ ಇದ್ಯಾವುದೂ ಇಲ್ಲ. ‘ಸಾಫ್ಟ್‌ವೇರ್ ಎಂಜಿನಿಯರ್ ಕಾರ್ಮಿಕರಲ್ಲ’ ಎಂದು ಹೇಳಿ ಸುಮ್ಮನಾಗಿಸಲು ನೋಡುತ್ತಾರೆ. ವ್ಯವಸ್ಥಾಪಕ, ಆಡಳಿತ ಕೆಲಸದವರು, ತಿಂಗಳಿಗೆ 18,000ಕ್ಕಿಂತ ಹೆಚ್ಚು ವೇತನದ ಮೇಲ್ವಿಚಾರಕರು ಆ ವ್ಯಾಖ್ಯೆಯಿಂದ ಹೊರಗಿರುವುದು ನಿಜ. ನ್ಯಾಯಾಲಯಗಳು ನೋಡಿಕೊಂಡು ಬಂದಿರುವುದು ಮಾತ್ರ ಪದನಾಮವನ್ನಲ್ಲ, ನಿಜವಾಗಿ ಮಾಡುವ ಕೆಲಸವನ್ನು. ಕರ್ನಾಟಕದಲ್ಲಿ ಐಟಿ ನೌಕರರ ಸಂಘ ಕೆಐಟಿಯು ಇಂಥ ದೂರುಗಳನ್ನು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಒಯ್ಯುತ್ತಿದೆ. ಕೈಬಿಡುವ ಮುನ್ನ ಸರ್ಕಾರದ ಅನುಮತಿ ಬೇಕೆಂಬ ನಿಯಮ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿ, ಪ್ಲಾಂಟೇಷನ್‌ಗಳಿಗೆ ಮಾತ್ರ.

ಬಾಕಿಯ ಲೆಕ್ಕವನ್ನು ನೀವೇ ಮಾಡಿಟ್ಟುಕೊಳ್ಳಿ. ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟ ಅಥವಾ ತೆಗೆದ ಎರಡು ಕೆಲಸದ ದಿನಗಳೊಳಗೆ ವೇತನ ಚುಕ್ತಾ ಆಗಬೇಕು. ಐದು ವರ್ಷ ಪೂರೈಸಿದ್ದರೆ ಗ್ರಾಚ್ಯುಟಿ: ಸಂಹಿತೆಯ ವ್ಯಾಖ್ಯೆಯಂತೆ ಕೊನೆಯ ತಿಂಗಳ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಆ ವೇತನ 40,000 ಇದ್ದರೆ ಎಂಟು ವರ್ಷದ ಸೇವೆಗೆ ಅದು 1,84,615 ರೂಪಾಯಿ. ಭವಿಷ್ಯ ನಿಧಿಯ ಮಂಡಳಿ 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿದಂತೆ ಕೆಲಸ ಹೋದವರು ಶೇ 75ರಷ್ಟನ್ನು ತಕ್ಷಣ ತೆಗೆಯಬಹುದು, ಉಳಿದದ್ದಕ್ಕೆ 12 ತಿಂಗಳು ನಿರುದ್ಯೋಗಿಯಾಗಿರಬೇಕು. ಸಾಧ್ಯವಾದರೆ ಮುಟ್ಟಬೇಡಿ. ಸಂಬಳ ಚೀಟಿಗಳು, ನೇಮಕಾತಿ ಪತ್ರ, ಅಪ್ರೈಸಲ್ ಪತ್ರಗಳನ್ನು ಕಂಪನಿಯ ಲ್ಯಾಪ್‌ಟಾಪಿನಲ್ಲೇ ಬಿಟ್ಟಿದ್ದರೆ ಇವತ್ತೇ ಮನೆಗೆ ತನ್ನಿ. ಆ ದಿನ ಲಾಗಿನ್ ಮೊದಲು ಬಂದ್ ಆಗುತ್ತದೆ, ಮಾತು ಆಮೇಲೆ.

ಮಗ ಏನು ಓದಲಿ?

ಸಿಇಟಿ ಫಲಿತಾಂಶ ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ ಇದು. ಕಂಪ್ಯೂಟರ್ ಸೈನ್ಸ್ ಬಿಟ್ಟು ಓಡಬೇಕಾಗಿಲ್ಲ. ಬೆಂಗಳೂರಿನಲ್ಲಿ ವಿದೇಶಿ ಕಂಪನಿಗಳ ಸ್ವಂತ ತಾಂತ್ರಿಕ ಕೇಂದ್ರಗಳು ನೂರಾರಿವೆ. 2024ರ ನಾಸ್ಕಾಮ್–ಜಿನ್ನೋವ್ ವರದಿಯ ಪ್ರಕಾರ ದೇಶದಲ್ಲಿ ಅಂಥವು 1,700ಕ್ಕೂ ಹೆಚ್ಚು, ಅವುಗಳಲ್ಲಿ 19 ಲಕ್ಷ ಉದ್ಯೋಗಿಗಳು. ಅಲ್ಲಿ ತಲೆ ಲೆಕ್ಕಕ್ಕಿಂತ ಕೆಲಸದ ಆಳ ಮುಖ್ಯ. ಗಣಿತ ಗಟ್ಟಿ ಇರುವ, ಬರೆದ ಕೋಡು ಏಕೆ ಕೆಲಸ ಮಾಡುತ್ತದೆ ಎಂದು ವಿವರಿಸಬಲ್ಲ ಹುಡುಗಿಗೆ ಎಐ ಬಂದರೂ ಜಾಗವಿದೆ. ಸಿಲೆಬಸ್ ಉರುಹೊಡೆದು, ಬೇರೆಯವರ ಪ್ರಾಜೆಕ್ಟ್ ಕೊಂಡು ಪಾಸಾಗುವವರನ್ನು ಸಾವಿರ ಸಾವಿರವಾಗಿ ತೆಗೆದುಕೊಂಡು ಆರು ತಿಂಗಳು ತರಬೇತಿ ಕೊಡುತ್ತಿದ್ದ ಕಾಲ ಮಾತ್ರ ಹೋಯಿತು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಓದಿ ಜೊತೆಗೆ ಕೋಡಿಂಗ್ ಕಲಿತವರ ಬೆಲೆ ಏರುವ ಸೂಚನೆಗಳು ಕಾಣುತ್ತಿವೆ. ರೋಬೋ ತೋಳನ್ನು ಕೂರಿಸುವವರು, ರಿಪೇರಿ ಮಾಡುವವರು ಬೇಕಲ್ಲ.

ತಪ್ಪಿಸಬೇಕಾದದ್ದು ಸೀಟಿಗೆ ದುಡ್ಡು ಸುರಿಯುವುದನ್ನು. ಮ್ಯಾನೇಜ್‌ಮೆಂಟ್ ಕೋಟಾದ ಕಂಪ್ಯೂಟರ್ ಸೈನ್ಸ್ ಸೀಟಿಗಾಗಿ ಜಮೀನು ಅಡವಿಟ್ಟು ಸಾಲ ಮಾಡುವವರು, ಮಗನ ಮೊದಲ ಸಂಬಳ ಕಳೆದ ಹತ್ತು ವರ್ಷ ಇದ್ದಂತೆಯೇ ಇರುತ್ತದೆ ಎಂದು ಲೆಕ್ಕ ಹಾಕಿರುತ್ತಾರೆ. ದರ ಬೀಳುವುದು ಮೊದಲು ತಟ್ಟಿದ್ದೇ ಆ ಸಂಬಳಕ್ಕೆ. ದುಡ್ಡು ಕಟ್ಟುವ ಮುನ್ನ ಕಾಲೇಜಿನ ಪ್ಲೇಸ್‌ಮೆಂಟ್ ಕಚೇರಿಗೆ ಖುದ್ದಾಗಿ ಹೋಗಿ. ಬಾಗಿಲ ಬ್ಯಾನರಿನಲ್ಲಿರುವ ಅತಿ ದೊಡ್ಡ ಪ್ಯಾಕೇಜಿನ ಬಗ್ಗೆ ಕೇಳಬೇಡಿ. ಹೋದ ವರ್ಷ ಆ ಶಾಖೆಯಿಂದ ಎಷ್ಟು ಜನ ಪಾಸಾದರು, ಅವರಲ್ಲಿ ಎಷ್ಟು ಜನರಿಗೆ ಆಫರ್ ಬಂತು, ಆಫರ್ ಬಂದವರಲ್ಲಿ ಎಷ್ಟು ಮಂದಿ ನಿಜಕ್ಕೂ ಕೆಲಸಕ್ಕೆ ಸೇರಿದರು, ಸಂಬಳದ ಪಟ್ಟಿಯಲ್ಲಿ ಸರಿಯಾಗಿ ನಡುವೆ ನಿಂತ ವಿದ್ಯಾರ್ಥಿಗೆ ಸಿಕ್ಕಿದ್ದೆಷ್ಟು ಎಂದು ಕೇಳಿ. ಉತ್ತರವನ್ನು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡುತ್ತಾರೆಯೇ ಎಂದೂ ಕೇಳಿ ನೋಡಿ.